ಬೆಟ್ಟ ಸುಟ್ಟರೆ ಉಣುಗು ಸಾಯುತ್ತದೆಯೇ?

ಹೊಸನಗರ ತಾಲ್ಲೂಕಿನ ಹಿರಿಯ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯ ಕಾಡ್ಗಿಚ್ಚಿನ ಲೇಖನ ನೋಡಿ ಬೇಸರದಿಂದ ಬರೆದಿದ್ದೀರಿ. ನಿಮ್ಮ ಅಜ್ಜ ವರ್ಷ ವರ್ಷ ಬೆಟ್ಟಕ್ಕೆ ಬೆಂಕಿ ಕೊಡುತ್ತಿದ್ದರು, ಉಣುಗು (ಉಣ್ಣೆ) ಸಾಯುತ್ತಿತ್ತು, ದನಕ್ಕೆ ಎಳೆ ಹುಲ್ಲು ಸಿಗುತ್ತಿತ್ತು, ಆಗ ಹಾಳಾಗದ ಕಾಡು ಈಗ ಹೇಗೆ ಹಾಳಾಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ಪಕ್ಕದ ಮನೆಯವರು ಮಂಗನಕಾಯಿಲೆಯಿಂದ ತೀರಿಕೊಂಡದ್ದನ್ನೂ ತಿಳಿಸಿದ್ದೀರಿ. ಅದನ್ನು ಓದಿದ ಮೇಲೆ ಎರಡು ಸಾಲಿನ ಉತ್ತರ ಬರೆಯಲು ಕೈ ಬರಲಿಲ್ಲ.

ಮೊದಲು ಉಣುಗಿನ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ವರ್ಷದಿಂದ ಮಲೆನಾಡಿಗೆ ಉಣುಗಿನಿಂದ ಹರಡುವ ಈ ಮಂಗನಕಾಯಿಲೆಯ ಭಯ ಇದೆ. ನಮಗೆ ರೋಗ ಅಂಟಿಸುವುದು ಹೆಚ್ಚಾಗಿ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ಅದು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ ಕಾದಿರುತ್ತದೆ. ಬೆಂಕಿ ಬಿದ್ದ ಜಾಗದಲ್ಲಿ ಒಂದಷ್ಟು ಸಾಯುತ್ತವೆ, ನಿಜ. ಆದರೆ ಉಣುಗು ದನ, ಇಲಿ, ಮಂಗಗಳ ಮೈಯೇರಿ ಊರಿಂದೂರಿಗೆ ಹೋಗುವ ಜೀವ. ಸುಟ್ಟ ಕಡೆ ಹುಲ್ಲು ಚಿಗುರಿದರೆ ದನ ಅಲ್ಲಿಗೇ ಮೇಯಲು ಹೋಗುತ್ತದೆ ಅಲ್ವಾ? ಉಣುಗೂ ಜೊತೆಗೇ ಬರುತ್ತದೆ. ದಯವಿಟ್ಟು ಬೆಂಕಿಯನ್ನು ನಂಬಿಕೊಳ್ಳಬೇಡಿ. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಮೈ ತಿಕ್ಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಅದೇ ದಿನ ಆರೋಗ್ಯ ಇಲಾಖೆಗೆ ತಿಳಿಸಿ.

ಇನ್ನು ಅಜ್ಜನ ಬೆಂಕಿ. ಅವರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 'ತರಗು ಬೆಂಕಿ' ಹಾಕುತ್ತಿದ್ದರು. ಬಿಸಿಲು ಏರುವ ಮುಂಚೆ, ಜನವರಿ ಹೊತ್ತಿಗೆ ಹಾಕುವ ಸಣ್ಣ ಬೆಂಕಿ ಅದು. ಈ ಬೆಂಕಿ ಹಾಕುವುದು ನಿಂತ ಮೇಲೆ ಅಲ್ಲಿ ಲಂಟಾನ ಕಳೆ ಹಬ್ಬಿತು ಎಂದು ಅವರು ಇಂದಿಗೂ ಹೇಳುತ್ತಾರೆ. ಆ ಮಾತಿಗೆ ತೂಕ ಇದೆ. ಆದರೆ ಅದು ಹೆಚ್ಚಾಗಿ ಎಲೆ ಉದುರಿಸುವ ಕಾಡಿನ ಲೆಕ್ಕ. ಅಲ್ಲಿನ ಮತ್ತಿ, ಹೊನ್ನೆಯ ತೊಗಟೆ ದಪ್ಪ. ನಮ್ಮ ನಿತ್ಯಹಸಿರು ಕಾಡಿನ ಮರಗಳಲ್ಲಿ ಬಹಳಷ್ಟಕ್ಕೆ ತೊಗಟೆ ತೆಳು. ಮೊಣಕಾಲೆತ್ತರದ ಬೆಂಕಿ ಬುಡದ ಸುತ್ತ ಸ್ವಲ್ಪ ಹೊತ್ತು ನಿಂತರೂ ಮರ ಒಳಗೊಳಗೇ ಬೇಯುತ್ತದೆ. ಸಸಿಗಳಂತೂ ಉಳಿಯುವುದೇ ಕಡಿಮೆ. ಕೊಡಚಾದ್ರಿಯಂಥ ಕಡೆ ಹುಲ್ಲುಬೆಟ್ಟಕ್ಕೆ ಹತ್ತಿದ ಬೆಂಕಿ ಪ್ರತಿ ಸಲ ಕಣಿವೆಯ ಕಾಡಿನ ಅಂಚನ್ನು ಒಂದಿಷ್ಟು ತಿನ್ನುತ್ತದೆ.

ಆಗಿನದಕ್ಕೂ ಈಗಿನದಕ್ಕೂ ಇನ್ನೊಂದು ವ್ಯತ್ಯಾಸ ಇದೆ. ನಾನು ಚಿಕ್ಕವನಿದ್ದಾಗ ಮನೆಯ ಹೆಂಗಸರು ಶಿವರಾತ್ರಿಯೊಳಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಗುಡಿಸಿ, ದರಗನ್ನು ಕಲ್ಲಿಯಲ್ಲಿ (ಹಗ್ಗದ ಬಲೆಚೀಲ) ತುಂಬಿ ಹೊತ್ತು ತರುತ್ತಿದ್ದರು. ಅದು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಅಡಿಕೆ ತೋಟ ಸೇರುತ್ತಿತ್ತು. ಬೆಟ್ಟದಲ್ಲಿ ಸುಡಲಿಕ್ಕೆ ಉಳಿಯುತ್ತಿದ್ದದ್ದೇ ಸ್ವಲ್ಪ. ಬೆಂಕಿ ಹಾಕಿದ ದಿನ ಮನೆಗೊಬ್ಬರಂತೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಕಾಯುತ್ತಿದ್ದರು. ನಾನೂ ಬಡಿದಿದ್ದೇನೆ. ಹುಬ್ಬು ಸುಟ್ಟುಕೊಂಡು ಬಂದಾಗ ಅಮ್ಮ ಅತ್ತಿದ್ದು ಈಗಲೂ ನೆನಪಿದೆ. ಈಗ ನಮ್ಮೂರಲ್ಲಿ ಕೊಟ್ಟಿಗೆಗಳು ಖಾಲಿ, ಹುಡುಗರು ಬೆಂಗಳೂರಿನಲ್ಲಿ. ದರಗು ವರ್ಷದ ಮೇಲೆ ವರ್ಷ ಬಿದ್ದಲ್ಲೇ ಬಿದ್ದಿದೆ. ಅಕೇಶಿಯಾ ತೋಪಿನ ಎಲೆ ಬೇಗ ಕೊಳೆಯುವುದೂ ಇಲ್ಲ. ಆರಿಸುವ ಕೈಗಳಿಲ್ಲದ ಬೆಟ್ಟಕ್ಕೆ, ಮಾರ್ಚ್ ಬಿಸಿಲಲ್ಲಿ ಯಾರೋ ಬೀಡಿ ಎಸೆದು ಹೋಗುತ್ತಾರೆ. ಇದು ಅಜ್ಜನ ಬೆಂಕಿ ಅಲ್ಲ.

ಆ ದರಗಿಗೆ ಬೇರೆ ವಾರಸುದಾರರೂ ಇದ್ದಾರೆ. ಆಗುಂಬೆ ಕಡೆಯ ಹೆಣ್ಣು ಕಾಳಿಂಗಸರ್ಪ ಬೇಸಿಗೆಯಲ್ಲಿ ಒಣ ಎಲೆಯನ್ನು ಮೈಯಿಂದ ಎಳೆದು ಎಳೆದು ಗುಡ್ಡೆ ಮಾಡಿ, ಅದರೊಳಗೆ ಮೊಟ್ಟೆ ಇಡುತ್ತದೆ. ಹೀಗೆ ಗೂಡು ಕಟ್ಟುವ ಹಾವು ಪ್ರಪಂಚದಲ್ಲಿ ಅದೊಂದೇ. ಮಳೆ ಬಿದ್ದರೂ ಒಳಗೆ ನೀರಿಳಿಯದ ಹಾಗೆ ಒತ್ತಾಗಿ ಕಟ್ಟಿದ ಆ ಗೂಡು, ಬೆಂಕಿಗೆ ಮಾತ್ರ ಒಣ ಎಲೆಯ ರಾಶಿ ಅಷ್ಟೆ. ಕಾಡುಕೋಳಿ ಮೊಟ್ಟೆ ಇಡುವುದೂ ನೆಲದಲ್ಲೇ, ಇದೇ ದಿನಗಳಲ್ಲಿ. ಕಾಟಿ, ಜಿಂಕೆ ಓಡುತ್ತವೆ. ಆಮೆ, ಚಿಪ್ಪುಹಂದಿ ಎಲ್ಲಿಗೆ ಓಡಬೇಕು?

ಎಳೆ ಹುಲ್ಲಿನ ಬಗ್ಗೆ ಒಂದೇ ಮಾತು. ಬೂದಿಯ ಸಾರಕ್ಕೆ ಆ ವರ್ಷ ಚೆನ್ನಾಗಿ ಚಿಗುರುತ್ತದೆ. ಉಳಿದ ಸಾರವನ್ನು ಮೊದಲ ದೊಡ್ಡ ಮಳೆ ಮೇಲ್ಮಣ್ಣಿನ ಜೊತೆ ಹಳ್ಳಕ್ಕೆ ತಳ್ಳುತ್ತದೆ. ಆ ಹಳ್ಳದ ನೀರೇ ತೋಟಕ್ಕೂ ಬೇಕು.

ದೂರು ಹಳ್ಳಿಯವರ ಮೇಲೆ ಮಾತ್ರ ಬಂತು ಎಂದಿರಿ. ಒಪ್ಪಿದೆ, ನಮ್ಮ ಲೇಖನದಲ್ಲಿ ಅದು ತಪ್ಪಾಯಿತು. ಬೆಂಕಿ ಬಿದ್ದಾಗ ಮೊದಲು ಓಡುವವರೂ ಊರಿನವರೇ, ದಿನಗೂಲಿಯ ಬೆಂಕಿ ಕಾವಲುಗಾರರೇ. ಈಗ ಉಪಗ್ರಹ ಬೆಂಕಿ ಕಂಡು ಅರಣ್ಯ ಇಲಾಖೆಯವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಆರಿಸುವುದು ಮಾತ್ರ ಇವತ್ತಿಗೂ ಹೆಚ್ಚಾಗಿ ಹಸಿ ಕೊಂಬೆಯಲ್ಲೇ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಹಾಗೆ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯದಿಂದ ಪ್ರಾಣ ಬಿಟ್ಟರು.

ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಅಜ್ಜ ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿಗೆ ಬೆಂಕಿ ಕೊಡುತ್ತಿದ್ದರು? ಗಾಳಿ ನೋಡುತ್ತಿದ್ದದ್ದು ಹೇಗೆ, ಯಾವ ಮರದ ಬುಡ ಗುಡಿಸಿ ಉಳಿಸುತ್ತಿದ್ದರು? ನೆನಪಿದ್ದಷ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

– ಸಂಪಾದಕ