ಫಿಲ್ಟರ್ ಬಿಗಿ ಮಾಡಿದರೆ ಸಾಕಾ, ಡಾಕ್ಟ್ರೇ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಅವಳ ಫೋನಿನಲ್ಲಿ ಕೆಟ್ಟ ತಾಣಗಳನ್ನು ತಡೆಯುವ ಫಿಲ್ಟರ್ ಪೂರ್ತಿ ಬಿಗಿ ಮಾಡಿಟ್ಟಿದ್ದೇನೆ. ಇನ್ನು ಚಿಂತೆ ಇಲ್ಲ ಅಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುತ್ತದೆ. ಚಿಂತೆ ಇದೆ, ತಾಯಿ. ಫಿಲ್ಟರ್ ಇರಲಿ, ಪೂರ್ತಿ ಬಿಗಿ ಬೇಡ.

2002ರಲ್ಲಿ ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ ಎಂಬ ಆರೋಗ್ಯ ಸಂಶೋಧನಾ ಸಂಸ್ಥೆ ಇದನ್ನೇ ಪರೀಕ್ಷಿಸಿತ್ತು. ಸಡಿಲವಾಗಿ ಇಟ್ಟಾಗ ಅಶ್ಲೀಲ ತಾಣಗಳಲ್ಲಿ ನೂರಕ್ಕೆ 87 ಬಂದ್ ಆದವು. ಆರೋಗ್ಯದ ತಾಣಗಳಲ್ಲಿ ನೂರಕ್ಕೆ ಒಂದೂವರೆಯೂ ಇಲ್ಲ. ಪೂರ್ತಿ ಬಿಗಿ ಮಾಡಿದಾಗ ಅಶ್ಲೀಲದ್ದು 91ಕ್ಕೆ ಏರಿತು, ಅಷ್ಟೇ. ಆರೋಗ್ಯದ್ದು 24ಕ್ಕೆ ಹೋಯಿತು! ಫಿಲ್ಟರ್‌ಗಳು ಈಗ ಸುಧಾರಿಸಿವೆ. ಆದರೂ ಪದ ನೋಡಿ ಬಾಗಿಲು ಹಾಕುವ ಚಾಳಿ ಪೂರ್ತಿ ಹೋಗಿಲ್ಲ.

ಮೊನ್ನೆ ಹದಿಮೂರರ ಹುಡುಗಿಯೊಬ್ಬಳು ಬಂದಿದ್ದಳು. ಅವಳಿಗೆ ಸ್ವಲ್ಪ ಬಿಳಿ ಮುಟ್ಟು ಹೋಗುತ್ತಿತ್ತು. ಆ ವಯಸ್ಸಿಗೆ ಅದು ಸಹಜ. ತುರಿಕೆ, ಕೆಟ್ಟ ವಾಸನೆ, ಬಣ್ಣದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಔಷಧಿಯೇ ಬೇಡ. ಇಷ್ಟನ್ನು ಹೇಳುವ ಪುಟಗಳೆಲ್ಲ ಅವಳ ಫೋನಿನಲ್ಲಿ ಬಂದ್. 'ಯೋನಿ' ಅನ್ನುವ ಪದ ಇತ್ತಲ್ಲ! ತೆರೆದುಕೊಂಡದ್ದು ಒಂದು ರೀಲ್. 'ಬಿಳಿ ಮುಟ್ಟಿನಿಂದ ಮೂಳೆ ಕರಗುತ್ತೆ' ಅಂತ ಹೆದರಿಸಿ, ಕೆಳಗೆ ಪುಡಿ ತರಿಸಿಕೊಳ್ಳಲು ವಾಟ್ಸಾಪ್ ನಂಬರು. ಫಿಲ್ಟರ್ ಹಿಡಿಯುವಂಥ ಪದ ಅದರಲ್ಲಿ ಒಂದೂ ಇರಲಿಲ್ಲ. ಮಗು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಮೂಳೆ ಮುರಿದೀತು ಅಂತ ಪಿಟಿ ಕ್ಲಾಸಿನಲ್ಲಿ ಓಡುವುದನ್ನೇ ಬಿಟ್ಟಿದ್ದಳು. ಈ ಪುಡಿ ಮಾರುವವರ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ.

ಇವತ್ತೇ ಸೆಟ್ಟಿಂಗ್ ಒಂದು ಹಂತ ಇಳಿಸಿ. ಆಮೇಲೆ ಮಗಳ ಪಕ್ಕ ಕೂತು 'ಮುಟ್ಟು', 'ಸ್ತನ', 'ಬಿಳಿ ಮುಟ್ಟು' ಅಂತ ನೀವೇ ಹುಡುಕಿ ನೋಡಿ. ಒಳ್ಳೆಯ ಪುಟ ಬಂದ್ ಆಗಿದ್ದರೆ ಮಕ್ಕಳ ಫೋನನ್ನು ಪೋಷಕರು ನಿಯಂತ್ರಿಸುವ ಫ್ಯಾಮಿಲಿ ಲಿಂಕ್‌ನಂಥ ಆ್ಯಪ್‌ನಲ್ಲಿ ಅದೊಂದಕ್ಕೇ ಅನುಮತಿ ಕೊಡಬಹುದು. 'ಏನಾದ್ರೂ ಬಂದ್ ಆದ್ರೆ ನನಗೆ ತೋರಿಸು, ಬೈಯಲ್ಲ' ಅಂತ ಹೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ನಿಮಗೇ ಮುಜುಗರವಾದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಅದು ಇರುವುದೇ 10ರಿಂದ 19 ವರ್ಷದವರಿಗೆ.

ಪ್ರಶ್ನೆ: ಮುಟ್ಟು, ಮೈ ಬದಲಾವಣೆ ಇದನ್ನೆಲ್ಲ ಮೊದಲೇ ಹೇಳಿಕೊಟ್ಟರೆ ಮಕ್ಕಳು ಕೆಡುವುದಿಲ್ಲವೇ?

ಉತ್ತರ: ಇಲ್ಲ.

ಪ್ರಶ್ನೆ: ಮಗನಿಗೆ 15. ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಲಾಡ್ಜ್‌ಗೆ ಬರುವ ಗುಪ್ತರೋಗ ತಜ್ಞರು ಮೂರು ತಿಂಗಳ ಕೋರ್ಸ್ ಹೇಳಿದ್ದಾರೆ.

ಉತ್ತರ: ಇದು ಕಾಯಿಲೆಯೇ ಅಲ್ಲ. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.