ಎಲ್ಲೆ ದಾಟುವ ಮಾತುಗಳು

ಪ್ರಶ್ನೆ: ಇಂಗ್ಲಿಷಿನ ಎಕ್ಸೀಡ್, ಸರ್ಪಾಸ್, ಟ್ರೆಸ್‌ಪಾಸ್, ಟ್ರಾನ್ಸ್‌ಗ್ರೆಸ್ ಎಂಬ ನಾಲ್ಕಕ್ಕೂ ನಿಘಂಟಿನಲ್ಲಿ ‘ಮೀರು’ ಎಂಬ ಅರ್ಥವೇ ಸಿಗುತ್ತದೆ. ಇವುಗಳ ನಡುವಿನ ವ್ಯತ್ಯಾಸವೇನು? ಫ್ರೆಂಚ್ ಮತ್ತು ಥಾಯ್ ಭಾಷೆಗಳಲ್ಲೂ ಹೀಗೆ ಹಲವು ಪದಗಳಿವೆಯೇ?

ಉತ್ತರ: ಇವೆ. ನೀವು ಹೇಳಿದ ನಾಲ್ಕೂ ಪದಗಳ ಬೇರು ಲ್ಯಾಟಿನ್ನಿನಲ್ಲಿದೆ. ನಾಲ್ಕರಲ್ಲೂ ಅಡಗಿರುವುದು ಆಚೆಗೆ ಹೆಜ್ಜೆಯಿಡುವ ಚಿತ್ರವೇ. ಆದ್ದರಿಂದ ಮೂಲಾರ್ಥವೊಂದನ್ನೇ ಹಿಡಿದು ಹೊರಟರೆ ವ್ಯತ್ಯಾಸ ತಿಳಿಯುವುದಿಲ್ಲ. ಯಾವುದನ್ನು ದಾಟಲಾಯಿತು, ಆ ದಾಟುವಿಕೆ ಮೆಚ್ಚುಗೆಗೆ ಪಾತ್ರವೋ ಆಕ್ಷೇಪಕ್ಕೋ ಎಂಬುದನ್ನು ಬಳಕೆಯೇ ಹೇಳಬೇಕು. ಎಕ್ಸೀಡ್ ಅಳತೆಯನ್ನು ಮೀರುತ್ತದೆ, ಸರ್ಪಾಸ್ ಹೆಚ್ಚಾಗಿ ಹೊಗಳುತ್ತದೆ, ಟ್ರೆಸ್‌ಪಾಸ್ ಪರರ ನೆಲಕ್ಕೆ ಅನುಮತಿಯಿಲ್ಲದೆ ನುಗ್ಗುತ್ತದೆ, ಟ್ರಾನ್ಸ್‌ಗ್ರೆಸ್ ಧರ್ಮವನ್ನೋ ಕಾನೂನನ್ನೋ ಮುರಿಯುತ್ತದೆ. ಕನ್ನಡದಲ್ಲೂ ಶಿಷ್ಯನು ಗುರುವನ್ನು ಮೀರಿಸಿದರೆ ಹೆಮ್ಮೆ, ಗುರುವಿನ ಮಾತು ಮೀರಿದರೆ ತಪ್ಪು.

ಟ್ರೆಸ್‌ಪಾಸ್ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅದೇ ಪದ ಇಂದಿನ ಫ್ರೆಂಚಿನಲ್ಲಿ ‘ತ್ರೇಪಾಸೆ’ ಎಂದು ಉಳಿದಿದ್ದು, ತೀರಿಕೊಳ್ಳುವುದು ಎಂಬ ಅರ್ಥವನ್ನು ಪಡೆದಿದೆ: ಒಂದೇ ಪದ ಒಂದು ಭಾಷೆಯಲ್ಲಿ ಬೇಲಿಯನ್ನೂ ಇನ್ನೊಂದರಲ್ಲಿ ಬದುಕಿನ ಎಲ್ಲೆಯನ್ನೂ ದಾಟಿತು! ಔಟ್‌ರೇಜ್ ಪದದಲ್ಲಿ ‘ರೇಜ್’ ಎಂಬ ಸಿಟ್ಟು ಇದೆಯೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ‘ಆಚೆ’ ಎಂಬರ್ಥದ ಫ್ರೆಂಚ್ ‘ಊತ್ರ್’ ಪದದಿಂದ ಹುಟ್ಟಿದ್ದು, ಮಿತಿಮೀರಿದ ನಡತೆ ಎಂಬುದೇ ಅದರ ಮೊದಲ ಅರ್ಥ.

ಥಾಯ್ ಭಾಷೆಯ ಪದಗಳು ನನಗೆ ಇನ್ನೂ ಹೆಚ್ಚು ಸೊಗಸಾಗಿ ಕಾಣುತ್ತವೆ. ಅಳತೆ ಮೀರುವುದಕ್ಕೆ ಅಲ್ಲಿ ‘ಕೋನ್’ ಎನ್ನುತ್ತಾರೆ (ಅದರ ಸ್ವರವನ್ನು ನಮ್ಮ ಲಿಪಿ ಪೂರ್ತಿಯಾಗಿ ಹಿಡಿಯಲಾರದು). ಅದರ ನಂತರ ‘ಹೋಗು’ ಎಂಬರ್ಥದ ‘ಪೈ’ ಸೇರಿದರೆ ‘ತೀರಾ ಹೆಚ್ಚು’ ಎಂದಾಗುತ್ತದೆ. ಅದಕ್ಕೆ ಮೊದಲು ‘ಲುವಂಗ್’ ಸೇರಿದರೆ ಇನ್ನೊಬ್ಬರ ಮರ್ಯಾದೆಗೆ ಕುಂದು ತರುವಂತೆ ಸಲಿಗೆ ವಹಿಸುವುದು ಎಂದಾಗುತ್ತದೆ. ‘ಲಮ್’ ಎಂಬ ಇನ್ನೊಂದು ಪದಕ್ಕೆ ಗೆರೆ ಎಂಬರ್ಥದ ‘ಸೆನ್’ ಜೊತೆಯಾದರೆ ಅದು ಆಕ್ಷೇಪ. ಮುಂಭಾಗ ಎಂಬರ್ಥದ ‘ನಾ’ ಜೊತೆಯಾದರೆ ಕಾಲಕ್ಕಿಂತ ಮುಂದಿರುವ ತಂತ್ರಜ್ಞಾನಕ್ಕೂ ಒಪ್ಪುತ್ತದೆ, ಫುಟ್‌ಬಾಲಿನ ಆಫ್‌ಸೈಡಿಗೂ ಒಪ್ಪುತ್ತದೆ. ನಮ್ಮ ‘ಅತಿರೇಕ’ವೂ ಅಲ್ಲಿ ‘ಅದಿರೇಕ್’ ಆಗಿ ನೆಲೆಸಿದೆ, ಆದರೆ ದೋಷದ ಛಾಯೆಯಿಲ್ಲದೆ: ಕೆಲಸ ಎಂಬರ್ಥದ ‘ಙಾನ್’ ಪದದೊಡನೆ ಸೇರಿ ಅದು ಹವ್ಯಾಸವನ್ನು ಸೂಚಿಸುತ್ತದೆ.

ಬಳಸುವಾಗ ನೆರವಾಗುವ ಒಂದು ಸೂಚನೆಯಿದೆ. ನಿಮ್ಮ ಮುಂದಿರುವುದು ಅಳತೆಯೋ ಗಡಿಯೋ ಎಂದು ಮೊದಲು ಕೇಳಿಕೊಳ್ಳಿ. ವೇಗದ ಮಿತಿಯಂಥ ಅಳತೆಗೆ ಫ್ರೆಂಚಿನಲ್ಲಿ ‘ದೆಪಾಸೆ’, ಥಾಯ್‌ನಲ್ಲಿ ‘ಕೋನ್’ ಸಲ್ಲುತ್ತದೆ. ದೇಶದ ಗಡಿಯನ್ನು ದಾಟುವುದಕ್ಕೆ ಫ್ರೆಂಚರು ‘ಫ್ರಾಂಶೀರ್’ ಎಂದೂ ಥಾಯ್ ಜನರು ‘ಖಾಮ್’ ಎಂದೂ ಹೇಳುತ್ತಾರೆ, ಮತ್ತು ಈ ಎರಡರಲ್ಲೂ ತಪ್ಪು ಮಾಡಿದ ಭಾವ ತಾನಾಗಿ ಬರುವುದಿಲ್ಲ.