ಅಂಗಳದ ಕಾರಿಗೆ ತಂತಿಯಿಲ್ಲದ ಚಾರ್ಜಿಂಗ್ ಒಗ್ಗೀತೇ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ತೋಟದ ಮನೆ. ವಾರಕ್ಕೆ ನಾಲ್ಕು ದಿನ ಶಿವಮೊಗ್ಗಕ್ಕೆ ಹೋಗಿಬರುತ್ತೇನೆ. ಹೋದ ದಿನ ಒಟ್ಟು ಸುಮಾರು 120 ಕಿ.ಮೀ. ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯಿದೆ. ಆದರೆ ಜಡಿಮಳೆಯಲ್ಲಿ ಒದ್ದೆ ಕೈಯಿಂದ ಚಾರ್ಜರ್ ಮುಟ್ಟಲು ಮನೆಯವರೆಲ್ಲ ಹೆದರುತ್ತಾರೆ. ನೆಲದಲ್ಲಿ ಪ್ಯಾಡ್ ಕೂರಿಸಿದರೆ ಕಾರು ನಿಲ್ಲಿಸಿದೊಡನೆ ತಾನಾಗಿ ಚಾರ್ಜ್ ಆಗುವ ವ್ಯವಸ್ಥೆ ಬಂದಿದೆಯಂತೆ. ಅದರಲ್ಲಿ ಕರೆಂಟು ಬಹಳ ಪೋಲಾಗುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ಅದಕ್ಕಾಗಿ ಕಾಯಬಹುದೇ? ಆಗುಂಬೆ ಘಾಟಿಯಂಥ ರಸ್ತೆಗಳಲ್ಲಿಯೇ ಇಂಥ ಚಾರ್ಜಿಂಗ್ ಬರುವ ಸಾಧ್ಯತೆ ಇದೆಯೇ?

ಉತ್ತರ: ಕಾಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ನಿಮ್ಮ ಭಾವನವರು ಕೊಟ್ಟಿರುವ ಕಾರಣ ಅಷ್ಟು ಗಟ್ಟಿಯಾದುದಲ್ಲ.

ಪ್ಯಾಡಿನೊಳಗೆ ಒಂದು ತಾಮ್ರದ ಸುರುಳಿ, ಕಾರಿನ ಅಡಿಯಲ್ಲಿ ಇನ್ನೊಂದು. ಕೆಳಗಿನ ಸುರುಳಿಯಲ್ಲಿ ಸುಮಾರು 85 ಕಿಲೋಹರ್ಟ್ಸ್ ಕಂಪನಾಂಕದ ವಿದ್ಯುತ್ ಹರಿದಾಗ ಹುಟ್ಟುವ ಕಾಂತಕ್ಷೇತ್ರವು ಮೇಲಿನ ಸುರುಳಿಯಲ್ಲಿ ವಿದ್ಯುತ್ತನ್ನು ಉಂಟುಮಾಡುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವ, ನಿಮ್ಮೂರಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ನಡೆಯುವುದೂ ಇದರಿಂದಲೇ. ಟಿ.ಸಿ.ಯ ಸುರುಳಿಗಳ ನಡುವೆ ಕಬ್ಬಿಣದ ತಿರುಳಿದ್ದರೆ ಇಲ್ಲಿರುವುದು ಗೇಣುದ್ದದ ಗಾಳಿ ಮಾತ್ರ. ಆದ್ದರಿಂದ ಎರಡೂ ಸುರುಳಿಗಳನ್ನು ಒಂದೇ ಕಂಪನಾಂಕಕ್ಕೆ ಶ್ರುತಿ ಮಾಡಿರುತ್ತಾರೆ. ಕಾರುಗಳಿಗಾಗಿ 2020ರಲ್ಲಿ ಪ್ರಕಟವಾದ ಎಸ್‌ಎಇ ಜೆ2954 ಎಂಬ ಮಾನದಂಡವು 11 ಕಿಲೋವ್ಯಾಟ್‌ವರೆಗಿನ ಚಾರ್ಜಿಂಗ್‌ಗೆ ಅನ್ವಯಿಸುತ್ತದೆ.

ಇನ್ನು ಪೋಲಿನ ಲೆಕ್ಕ. ಬಿಎಂಡಬ್ಲ್ಯು ಕಂಪನಿಯು 2018ರಲ್ಲಿ ತನ್ನ 530ಇ ಕಾರಿಗೆ ಕೊಟ್ಟ 3.2 ಕಿಲೋವ್ಯಾಟ್ ಪ್ಯಾಡಿನ ದಕ್ಷತೆ ಶೇ 85ರಷ್ಟಿತ್ತು. ಈಚಿನ ವ್ಯವಸ್ಥೆಗಳು ಸರಿಯಾಗಿ ಹೊಂದಿಕೊಂಡು ನಿಂತಾಗ ಶೇ 90ರ ಆಸುಪಾಸಿಗೆ ಬರುತ್ತವೆ. ತಂತಿಯ ಚಾರ್ಜಿಂಗ್‌ನಲ್ಲಿಯೂ ಎ.ಸಿ.ಯನ್ನು ಡಿ.ಸಿ.ಗೆ ಬದಲಿಸುವಾಗ ಹತ್ತರಲ್ಲೊಂದು ಪಾಲು ಹೋಗುವುದುಂಟು. ಯೂನಿಟ್ಟಿಗೆ 7 ಕಿ.ಮೀ. ಎಂದು ಹಿಡಿದರೆ ನಿಮ್ಮ 120 ಕಿ.ಮೀ.ಗೆ ಬ್ಯಾಟರಿಗೆ ಸೇರಬೇಕಾದದ್ದು 17 ಯೂನಿಟ್. ಅದಕ್ಕಾಗಿ ಶೇ 85ರ ಪ್ಯಾಡ್ 20 ಯೂನಿಟ್ ಎಳೆದರೆ ತಂತಿ ಸುಮಾರು 19 ಎಳೆಯುತ್ತದೆ. ದಿನಕ್ಕೊಂದು ಯೂನಿಟ್ಟಿನ ವ್ಯತ್ಯಾಸಕ್ಕೆ ಹೆದರಿ ಯಾರೂ ಅನುಕೂಲವನ್ನು ಬಿಡಬೇಕಾಗಿಲ್ಲ.

ತೊಡಕಿರುವುದು ಬೇರೆ ಕಡೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಕಾರುಗಳ ಅಡಿಯಲ್ಲಿ ಆ ಎರಡನೆಯ ಸುರುಳಿಯೇ ಇಲ್ಲ, ಮತ್ತು ಹೊರಗಿನಿಂದ ಅದನ್ನು ಸೇರಿಸಬೇಕೆಂದರೆ ಬ್ಯಾಟರಿಯ ಅಧಿಕ ವೋಲ್ಟೇಜಿನ ತಂತಿಗಳಿಗೆ ಕೈಹಾಕಬೇಕಾಗುವುದರಿಂದ ವಾರಂಟಿಗೂ ಸುರಕ್ಷತೆಗೂ ಸಂಚಕಾರ ಬರುತ್ತದೆ. ಸುರುಳಿಯಿದ್ದರೂ ಕಾರನ್ನು ಎಡಬಲಕ್ಕೆ ಸುಮಾರು 10 ಸೆಂಟಿಮೀಟರ್, ಹಿಂದುಮುಂದಕ್ಕೆ 7.5 ಸೆಂಟಿಮೀಟರ್ ಮೀರದಂತೆ ನಿಲ್ಲಿಸಬೇಕು. ರಾತ್ರಿ ಒಂಬತ್ತಕ್ಕೆ, ವೈಪರ್ ಹೊಡೆದುಕೊಳ್ಳುತ್ತಿರುವಾಗ, ಜಾರುವ ಇಳಿಜಾರಿನ ಅಂಗಳದಲ್ಲಿ ಅದು ಸುಲಭವಲ್ಲ.

ಪ್ಯಾಡಿನ ಮೇಲೆ ನೀರು ನಿಂತರೆ, ಅಡಿಕೆ ಹಾಳೆ ಬಿದ್ದರೆ ಕಾಂತಕ್ಷೇತ್ರಕ್ಕೆ ಅಡ್ಡಿಯಿಲ್ಲ. ಮೊಳೆ, ಕೈಗತ್ತಿ, ಗುಟ್ಕಾ ಚೀಟಿಯ ಅಲ್ಯೂಮಿನಿಯಂ ಪದರ ಇಂಥವು ಮಾತ್ರ ಬಿಸಿಯಾಗುತ್ತವೆ. ಅದಕ್ಕೆಂದೇ ಲೋಹವನ್ನೂ ಜೀವಿಗಳನ್ನೂ ಗುರುತಿಸಿ ಚಾರ್ಜಿಂಗ್ ನಿಲ್ಲಿಸುವ ಏರ್ಪಾಡು ಇರುತ್ತದೆ. ಬೆಚ್ಚಗಿನ ಜಾಗ ಹುಡುಕುವ ಮನೆಯ ಬೆಕ್ಕು ಒಂದು ರಾತ್ರಿ ಅಲ್ಲಿ ಮಲಗಿತೆಂದರೆ ಬೆಳಿಗ್ಗೆ ನಿಮ್ಮ ಬ್ಯಾಟರಿ ಅರ್ಧದಲ್ಲೇ ಇದ್ದೀತು.

ಶಾಕಿನ ಭಯವೇ ನಿಮ್ಮ ಪ್ರಶ್ನೆಯ ಬೇರು ಎಂದು ನನಗನಿಸುತ್ತದೆ. ಕಾರಿಗೆ ಚುಚ್ಚುವ ಗನ್ನಿನ ಪಿನ್ನುಗಳಿಗೆ, ಕಾರು ಮತ್ತು ಚಾರ್ಜರ್ ಪರಸ್ಪರ ಸಂಕೇತ ಕಳಿಸಿ ಸಂಪರ್ಕವನ್ನು ಖಚಿತಪಡಿಸಿಕೊಳ್ಳುವವರೆಗೆ ಕರೆಂಟು ಬರುವುದೇ ಇಲ್ಲ. ಅಪಾಯವಿರುವುದು ತಂತಿಯ ಇನ್ನೊಂದು ತುದಿಯಲ್ಲಿ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಜಗುಲಿಯ 15 ಆಂಪಿಯರ್ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಅದನ್ನು ಸೂರಿನ ನೀರು ಬೀಳುವಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದನ್ನು ನೋಡಿದ್ದೇನೆ. ಬಿಚ್ಚಿದರೆ ಪ್ಲಗ್ಗಿನ ಒಂದು ಪಿನ್ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಪ್ಯಾಡ್ ಹಾಕಿಸಿದರೂ ಅದಕ್ಕೆ ಗೋಡೆಯಿಂದ ಅದೇ ಕರೆಂಟು, ಅದೇ ಅರ್ಥಿಂಗ್ ಬೇಕು. ತಂತಿಯಿಲ್ಲದ್ದು ಪ್ಯಾಡಿನಿಂದ ಕಾರಿನವರೆಗೆ ಮಾತ್ರ.

ಆದ್ದರಿಂದ ಹಣವನ್ನು ಮೊದಲು ವೈರಿಂಗ್‌ಗೆ ಹಾಕಿ. ಮೀಟರ್ ಬೋರ್ಡಿನಿಂದ ಚಾರ್ಜರಿಗೆಂದೇ ಪ್ರತ್ಯೇಕ ತಂತಿ, 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್, ಗೋಡೆಗೆ ಕೂರಿಸುವ ಚಾರ್ಜರ್, ಮೇಲೊಂದು ತಗಡಿನ ಮಾಡು ಇಷ್ಟು ಸಾಕು. ಅರ್ಥಿಂಗ್ ಬಗ್ಗೆ ಮಾತ್ರ ರಾಜಿ ಬೇಡ: ಜಂಬಿಟ್ಟಿಗೆಯ ನೆಲ ಮಳೆಗಾಲದಲ್ಲಿ ಚೆನ್ನಾಗಿ ಅರ್ಥ್ ಕೊಟ್ಟರೂ ಏಪ್ರಿಲ್ ಹೊತ್ತಿಗೆ ಒಣಗಿ ಕೈಕೊಡುತ್ತದೆ, ಆಗ ಹಲವು ಚಾರ್ಜರುಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. 3.3 ಕಿಲೋವ್ಯಾಟ್ ಚಾರ್ಜರ್ 19 ಯೂನಿಟ್ ತುಂಬಿಸಲು ಆರು ಗಂಟೆ ತೆಗೆದುಕೊಳ್ಳುತ್ತದೆ, ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವ ನಾಲ್ಕಕ್ಕೆ ಮುಗಿಯುತ್ತದೆ. 7 ಕಿಲೋವ್ಯಾಟ್‌ನದು ಬೇಕೆಂದರೆ ಮಂಜೂರಾದ ಲೋಡ್ ಹೆಚ್ಚಿಸಲು ಮೆಸ್ಕಾಂಗೆ ಅರ್ಜಿ ಕೊಡಬೇಕಾಗಬಹುದು. ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟೇ ಇಲ್ಲವೆಂದರೆ ಪ್ಯಾಡಿಗೂ ಗನ್ನಿಗೂ ಭೇದವಿಲ್ಲ. ಮಳೆಗಾಲದಲ್ಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಗೊಡದಿರುವುದೇ ಅದಕ್ಕೆ ಉಪಾಯ.

ರಸ್ತೆಯಡಿಯ ಚಾರ್ಜಿಂಗ್ ಕಲ್ಪನೆಯಲ್ಲ. ದಕ್ಷಿಣ ಕೊರಿಯಾದ ಗುಮಿ ನಗರದಲ್ಲಿ 2013ರಲ್ಲಿ ಬಸ್ಸುಗಳಿಗಾಗಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ 2023ರಲ್ಲಿ ಕಾಲು ಮೈಲಿಯ ರಸ್ತೆಗೆ ಇದನ್ನು ಹಾಕಿ ನೋಡಿದ್ದಾರೆ. ಆದರೆ ಒಂದೂವರೆ ಟನ್ನಿನ ಕಾರು 500 ಮೀಟರ್ ಎತ್ತರಕ್ಕೆ ಏರಲು ತೂಕಕ್ಕೆಂದು ಖರ್ಚಾಗುವುದು ಸುಮಾರು 2 ಯೂನಿಟ್, ಇಳಿಯುವಾಗ ಅದರಲ್ಲೊಂದಿಷ್ಟು ಬ್ಯಾಟರಿಗೇ ಮರಳುತ್ತದೆ. ಅಷ್ಟಕ್ಕಾಗಿ, ಗುಡ್ಡ ಕುಸಿದರೆ ರಸ್ತೆಯೇ ಉಳಿಯದ ಘಾಟಿಯಲ್ಲಿ ತಾಮ್ರ ಹೂಳುವುದು ನನಗಂತೂ ಸರಿ ಕಾಣುವುದಿಲ್ಲ.

ಮುಂದೊಂದು ದಿನ ಸುರುಳಿಯಿರುವ ಕಾರು ಕೈಗೆಟಕುವ ಬೆಲೆಗೆ ಬರಲೂಬಹುದು. ಶೆಡ್ಡಿನ ನೆಲಕ್ಕೆ ಈಗ ಕಾಂಕ್ರೀಟ್ ಹಾಕಿಸುವುದಾದರೆ ಗೋಡೆಯಿಂದ ಕಾರು ನಿಲ್ಲುವ ಜಾಗದ ನಡುವಿನವರೆಗೆ ಒಂದು ಖಾಲಿ ಪಿವಿಸಿ ಪೈಪ್ ಹೂತಿಡಿಸಿ. ಎರಡೂ ತುದಿಗೆ ಬಿರಡೆ ಹಾಕುವುದನ್ನು ಮರೆಯಬೇಡಿ. ಇಲ್ಲವಾದರೆ ತಂತಿಗಿಂತ ಮೊದಲು ಇಲಿ ಒಳಸೇರುತ್ತದೆ.